ರಿಯಾ ಅಂದರೆ ನದಿಯಲ್ಲ: ಸ್ಪ್ಯಾನಿಷ್ ಕರಾವಳಿ ಪದಗಳನ್ನು ಇಂಗ್ಲಿಷಿಗೆ ತರುವ ದಾರಿ

ಸ್ಪ್ಯಾನಿಷ್ ಕಲಿತು ಇಂಗ್ಲಿಷಿಗೆ ಅನುವಾದ ಮಾಡಲು ಶುರು ಮಾಡಿದವರು ಪದೇಪದೇ ಕೇಳುವ ಪ್ರಶ್ನೆಯೊಂದಿದೆ. "ಈ ರಿಯಾಗೆ ಇಂಗ್ಲಿಷಿನಲ್ಲಿ ಏನು ಬರೀಲಿ?" ಕೆಲವರಿಗೆ ಎಸ್ತೆರೊ ತಲೆನೋವು. ಇನ್ನು ಕೆಲವರಿಗೆ ಕಾಲಾ, ಕಲೇತಾ, ಎನ್ಸೆನಾದಾ ಮೂರೂ ಒಂದೇ ಥರ ಕಾಣುತ್ತವೆ. ಇವೆಲ್ಲ ಕರಾವಳಿಯ ಕೊಲ್ಲಿ, ಹಿನ್ನೀರುಗಳಿಗಿರುವ ಸ್ಪ್ಯಾನಿಷ್ ಪದಗಳು, ಒಂದೊಂದರ ಅರ್ಥವೂ ಮುಂದೆ ಬರುತ್ತದೆ. ಎಲ್ಲರಿಗೂ ಬೇಕಾಗಿರುವುದು ಒಂದು ಪಟ್ಟಿ: ಎಡಗಡೆ ಸ್ಪ್ಯಾನಿಷ್, ಬಲಗಡೆ ಇಂಗ್ಲಿಷ್.

ಅಂಥ ಪಟ್ಟಿ ಕೊಟ್ಟರೆ ನಿಮಗೆ ತೊಂದರೆಯೇ ಜಾಸ್ತಿ. ಕರಾವಳಿಯ ಪದಗಳು ಆಯಾ ಊರಿನ ನೀರು, ಮಣ್ಣು, ಮೀನುಗಾರಿಕೆಗೆ ಅಂಟಿಕೊಂಡು ಬೆಳೆದವು. ನಮ್ಮ ಕಡೆಯದನ್ನೇ ನೋಡಿ. ನದಿ ಕಡಲು ಸೇರುವ ಅಳಿವೆ, ನದಿಯ ನಡುವಿನ ಕುದುರು, ಉಪ್ಪುನೀರು ನುಗ್ಗುವ ಗದ್ದೆಯಾದ ಗಜನಿ. ಈ ಮೂರಕ್ಕೂ ಒಂದೊಂದು ಇಂಗ್ಲಿಷ್ ಪದ ಹೇಳಿ ಅಂದರೆ ತಡವರಿಸುತ್ತೇವೆ, ಅಲ್ವಾ? ಕುಮಟಾ ಕಡೆಯ ಗಜನಿಯನ್ನು ಸುಮ್ನೆ 'ಪ್ಯಾಡಿ ಫೀಲ್ಡ್' ಅಂದುಬಿಟ್ಟರೆ ಅಲ್ಲಿಗೆ ನುಗ್ಗುವ ಉಪ್ಪುನೀರು, ಸಿಗಡಿ, ಕಗ್ಗ ಭತ್ತ ಎಲ್ಲವೂ ಬಿಟ್ಟುಹೋಗುತ್ತವೆ. ಸ್ಪೇನಿನ, ಚಿಲಿಯ, ಮೆಕ್ಸಿಕೋದ ಕರಾವಳಿ ಪದಗಳಿಗೂ ಇದೇ ಗತಿ. ಆದ್ದರಿಂದ ಈ ಬರಹದಲ್ಲಿ ಪದಕ್ಕೆ ಪದ ಕೊಡುವುದಕ್ಕಿಂತ, ಸರಿಯಾದ ಪದ ಹುಡುಕುವ ಕ್ರಮವನ್ನು ಹೇಳುತ್ತೇನೆ. ಸಿಕ್ಕಿಬೀಳುವ ಜಾಗಗಳನ್ನು ದಾರಿಯುದ್ದಕ್ಕೂ ತೋರಿಸುತ್ತೇನೆ.

ಕೆಲಸಕ್ಕೆ ಕೂರುವ ಮುಂಚೆ ಹತ್ತಿರ ಇಟ್ಟುಕೊಳ್ಳಬೇಕಾದದ್ದು

ಮೊದಲನೆಯದು ರಿಯಲ್ ಅಕಾಡೆಮಿಯಾ ಎಸ್ಪಾನ್ಯೋಲಾ ಸಂಸ್ಥೆಯ ನಿಘಂಟು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ಅರ್ಥ ಯಾವ ದೇಶಕ್ಕೆ ಸೇರಿದ್ದು ಎಂಬುದನ್ನು ಅದು ಗುರುತು ಹಾಕಿ ಹೇಳುತ್ತದೆ. ಈ ಗುರುತುಗಳನ್ನು ಹಾರಿಸಿ ಓದಬೇಡಿ.

ಎರಡನೆಯದು ಅಂತರರಾಷ್ಟ್ರೀಯ ಹೈಡ್ರೋಗ್ರಾಫಿಕ್ ಸಂಸ್ಥೆಯ 'ಎಸ್-32' ನಿಘಂಟು. ಹೈಡ್ರೋಗ್ರಫಿ ಅಂದರೆ ಹಡಗುಗಳ ಓಡಾಟಕ್ಕಾಗಿ ಸಮುದ್ರ ಮತ್ತು ಕರಾವಳಿಯನ್ನು ಅಳೆದು ನಕ್ಷೆ ಮಾಡುವ ವಿದ್ಯೆ. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮೂರರಲ್ಲೂ ಪದಗಳ ವಿವರಣೆ ಅಲ್ಲಿದೆ.

ಮೂರನೆಯದು ನಾವಿಕರ ಕೈಪಿಡಿ. ಇಂಗ್ಲಿಷಿನಲ್ಲಿ 'ಸೈಲಿಂಗ್ ಡೈರೆಕ್ಷನ್ಸ್', ಸ್ಪ್ಯಾನಿಷಿನಲ್ಲಿ 'ದೆರೊತೇರೊ'. ಅಮೆರಿಕ ಸರ್ಕಾರ ಹೊರತರುವ ಕೈಪಿಡಿಗಳು ಪುಕ್ಕಟೆಯಾಗಿ ಸಿಗುತ್ತವೆ. ಪಶ್ಚಿಮ ಮೆಡಿಟರೇನಿಯನ್ನಿಗೆ 131ನೇ ಸಂಖ್ಯೆ, ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಗೆ 125. ಒಂದು ಜಾಗವನ್ನು ಇಂಗ್ಲಿಷ್ ನಾವಿಕರು ಏನೆಂದು ಕರೆಯುತ್ತಾರೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ನಾಲ್ಕನೆಯದು ನಕ್ಷೆ. ಉಪಗ್ರಹ ಚಿತ್ರ ಇರುವ ಯಾವುದಾದರೂ ಆದೀತು. ಸ್ಪೇನಿನ ಜಾಗಗಳಿಗೆ ಅಲ್ಲಿನ ಭೂಪಟ ಇಲಾಖೆಯ 'ಇಬೆರ್‌ಪಿಕ್ಸ್' ಚೆನ್ನಾಗಿದೆ. ಇದನ್ನು ಕೊನೆಯಲ್ಲಿ ಹೇಳಿದೆ ಅಂತ ಕಡೆಗಣಿಸಬೇಡಿ. ಅರ್ಧ ಕೆಲಸ ಮಾಡುವುದೇ ನಕ್ಷೆ.

ಹಂತ 1: ಓದುವವರು ಯಾರು ಅಂತ ಕೇಳಿಕೊಳ್ಳಿ

ಪ್ರವಾಸಿಗೆ ಬರೆದ ಕಿರುಪುಸ್ತಕವೋ, ಭೂವಿಜ್ಞಾನದ ವರದಿಯೋ, ಜಮೀನಿನ ಕಾನೂನು ಪತ್ರವೋ, ನಾವಿಕರ ಸೂಚನೆಯೋ? ಅದೇ 'ರಿಯಾ' ಭೂಗೋಳದ ಪ್ರಬಂಧದಲ್ಲಿ 'ರಿಯಾ' ಆಗಿಯೇ ಉಳಿಯಬಹುದು, ಪ್ರವಾಸಿಯ ಕೈಗೆ ಹೋಗುವಾಗ 'ಇನ್‌ಲೆಟ್' ಆಗಬಹುದು. ಕೆಲಸ ಕೊಟ್ಟವರನ್ನು ಕೇಳಿ ತಿಳಿದುಕೊಳ್ಳಿ. ಬ್ರಿಟಿಷ್ ಇಂಗ್ಲಿಷ್ ಬೇಕೋ ಅಮೆರಿಕನ್ ಬೇಕೋ ಎಂಬುದನ್ನೂ ಆಗಲೇ ಕೇಳಿಬಿಡಿ. ಯಾಕೆ ಅಂತ ಎಂಟನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 2: ಅಂಕಿತನಾಮವೋ ರೂಢನಾಮವೋ ಬೇರೆ ಮಾಡಿ

ಶಾಲೆಯ ವ್ಯಾಕರಣ ಇಲ್ಲಿ ಕೆಲಸಕ್ಕೆ ಬರುತ್ತದೆ. 'ಕಾಬೊ' ಅಂದರೆ ಭೂಶಿರ, ಇಂಗ್ಲಿಷಿನ 'ಕೇಪ್'. ಇದು ರೂಢನಾಮ. 'ಕಾಬೊ ದೆ ಗಾತಾ' ಅಂಕಿತನಾಮ, ಸ್ಪೇನಿನ ಅಲ್ಮೆರಿಯಾದಲ್ಲಿರುವ ಒಂದು ನಿರ್ದಿಷ್ಟ ಜಾಗ. 'ಗಾತಾ' ಅಂದರೆ ಹೆಣ್ಣು ಬೆಕ್ಕು. ಆದರೆ ಆ ಹೆಸರು 'ಅಗಾತಾ', ಅಂದರೆ ಅಗೇಟ್ ಕಲ್ಲಿನಿಂದ ಬಂತು ಎನ್ನುತ್ತಾರೆ. ಹೆಸರನ್ನು ಅರ್ಥ ಮಾಡಲು ಹೊರಟರೆ ಬೆಕ್ಕಿನ ಭೂಶಿರ ಆಗಿಬಿಡುತ್ತದೆ. ಹಾಗೆ ಮಾಡಬೇಡಿ. ಹೆಸರನ್ನು ಇದ್ದ ಹಾಗೇ ಬಿಡಿ.

ಹೆಸರುಗಳು ಭಾಷೆಯಿಂದ ಭಾಷೆಗೆ ಹೋಗುವಾಗ ಎಷ್ಟು ಹೊರಳುತ್ತವೆ ಅಂತ ನೋಡಬೇಕಾದರೆ ದಕ್ಷಿಣ ಅಮೆರಿಕದ ತುತ್ತತುದಿಗೆ ಬನ್ನಿ. 1616ರಲ್ಲಿ ಡಚ್ ನಾವಿಕರು ಅಲ್ಲಿನ ಭೂಶಿರಕ್ಕೆ ತಮ್ಮ ಹೋರ್ನ್ ಪಟ್ಟಣದ ಹೆಸರಿಟ್ಟರು. ಸ್ಪ್ಯಾನಿಷರ ಬಾಯಲ್ಲಿ ಅದು 'ಕಾಬೊ ದೆ ಓರ್ನೊಸ್' ಆಯಿತು. ಓರ್ನೊಸ್ ಅಂದರೆ ಒಲೆಗಳು, ರೊಟ್ಟಿ ಸುಡುವ ಗೂಡುಗಳು. ಇಂಗ್ಲಿಷಿನಲ್ಲಿ ಅದು 'ಕೇಪ್ ಹಾರ್ನ್'. ಒಲೆಗೂ ಆ ಜಾಗಕ್ಕೂ ಯಾವ ಸಂಬಂಧವೂ ಇಲ್ಲ. ಫ್ಲೋರಿಡಾದ 'ಕಾಯೊ ಉಯೆಸೊ' ಇನ್ನೊಂದು. ಕಾಯೊ ಅಂದರೆ ತಗ್ಗಾದ ಮರಳು ದ್ವೀಪ, ಉಯೆಸೊ ಅಂದರೆ ಮೂಳೆ. ಇಂಗ್ಲಿಷರ ಕಿವಿಗೆ ಉಯೆಸೊ 'ವೆಸ್ಟ್' ಅಂತ ಕೇಳಿಸಿತು. ಇವತ್ತು ಅದು 'ಕೀ ವೆಸ್ಟ್'. ನಿಮ್ಮ ಪಠ್ಯದಲ್ಲಿ ಕಾಯೊ ಉಯೆಸೊ ಬಂದರೆ ಕೀ ವೆಸ್ಟ್ ಅಂತಲೇ ಬರೆಯಬೇಕು.

ಆದ್ದರಿಂದ ನಿಯಮ ಹೀಗಿದೆ. ಇಂಗ್ಲಿಷಿನಲ್ಲಿ ನೆಲೆಯೂರಿದ ಹೆಸರಿದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಸ್ಪ್ಯಾನಿಷ್ ಹೆಸರನ್ನು ಉಳಿಸಿ, ಮೊದಲ ಸಲ ಬಂದಾಗ ಅದು ಏನು ಅಂತ ಒಂದೆರಡು ಪದದಲ್ಲಿ ಹೇಳಿ.

ನೆಲೆಯೂರಿದ ಹೆಸರುಗಳಲ್ಲಿ ರೂಢನಾಮವೂ ಬದಲಾಗಿರುತ್ತದೆ, ಗಮನಿಸಿ. ಸ್ಪೇನಿನ ಉತ್ತರಕ್ಕಿರುವ 'ಗೋಲ್ಫೊ ದೆ ಬಿಸ್ಕಾಯಾ' ಸ್ಪ್ಯಾನಿಷಿನಲ್ಲಿ ಗಲ್ಫ್. ಇಂಗ್ಲಿಷಿನಲ್ಲಿ 'ಬೇ ಆಫ್ ಬಿಸ್ಕೆ'. ಅದೇ ದಕ್ಷಿಣದ 'ಗೋಲ್ಫೊ ದೆ ಕಾದಿಸ್' ಮಾತ್ರ ಇಂಗ್ಲಿಷಿನಲ್ಲೂ ಗಲ್ಫ್. ತರ್ಕ ಹುಡುಕಬೇಡಿ. ನಕ್ಷೆ ನೋಡಿ, ರೂಢಿಯಲ್ಲಿ ಇರುವುದನ್ನು ಬರೆಯಿರಿ.

ಎಚ್ಚರ: 'ಪ್ಲಾಯಾ ದೆ ಲಾ ಕೊಂಚಾ' ಅನ್ನುವುದನ್ನು 'ಪ್ಲಾಯಾ ದೆ ಲಾ ಕೊಂಚಾ ಬೀಚ್' ಅಂತ ಬರೆದರೆ ಬೀಚ್ ಎರಡು ಸಲ ಬಂದಂತಾಯಿತು. 'ಲಾ ಕೊಂಚಾ ಬೀಚ್' ಸಾಕು. ಇನ್ನೊಂದು, 'ಪುಯೆರ್ತೊ' ಕಂಡ ಕೂಡಲೇ ಬಂದರು ಅಂತ ಬರೆಯಬೇಡಿ. ಬೆಟ್ಟದ ಕಣಿವೆ ದಾರಿಗೂ, ಅಂದರೆ ಘಾಟಿಗೂ, ಸ್ಪ್ಯಾನಿಷಿನಲ್ಲಿ ಪುಯೆರ್ತೊ ಅಂತಲೇ ಹೆಸರು. ಮ್ಯಾಡ್ರಿಡ್ ಹತ್ತಿರದ ಪುಯೆರ್ತೊ ದೆ ನಾಬಸೆರಾದಾ ಇರುವುದು 1,800 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ. ಅದು 'ಮೌಂಟನ್ ಪಾಸ್'.

ಹಂತ 3: ಯಾವ ದೇಶದ ಸ್ಪ್ಯಾನಿಷ್ ಅಂತ ಪತ್ತೆ ಮಾಡಿ

ಈ ಹಂತವನ್ನು ಜನ ಹಾರಿಸಿಬಿಡುತ್ತಾರೆ. ನನ್ನ ಅನುಭವದಲ್ಲಿ ದೊಡ್ಡ ತಪ್ಪುಗಳು ಹುಟ್ಟುವುದೇ ಇಲ್ಲಿ. ಅದಕ್ಕೇ ಸ್ವಲ್ಪ ಹೊತ್ತು ನಿಲ್ಲೋಣ.

'ಎಸ್ತೆರೊ' ತೆಗೆದುಕೊಳ್ಳಿ. ಸ್ಪೇನಿನ ಕಾದಿಸ್ ಕೊಲ್ಲಿಯಲ್ಲಿ ಎಸ್ತೆರೊ ಅಂದರೆ ಉಪ್ಪಿನಗದ್ದೆಗೆ ಸೇರಿಕೊಂಡ, ಉಬ್ಬರದ ನೀರು ತುಂಬುವ ಕೊಳ. ಅದರಲ್ಲಿ ಮೀನು ಬೆಳೆಸುತ್ತಾರೆ. ನಮ್ಮ ಗಜನಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಸಂದರ್ಭ ನೋಡಿ 'ಟೈಡಲ್ ಪಾಂಡ್' ಅಥವಾ 'ಟೈಡಲ್ ಕ್ರೀಕ್' ಅನ್ನಬಹುದು.

ಈಗ ಚಿಲಿಗೆ ಬನ್ನಿ. ಅಲ್ಲಿ ಎಸ್ತೆರೊ ಅಂದರೆ ಸಣ್ಣ ಹೊಳೆ, ಹಳ್ಳ. ಬಿನ್ಯಾ ದೆಲ್ ಮಾರ್ ನಗರದ ನಡುವೆ ಹರಿಯುವ ಎಸ್ತೆರೊ ಮಾರ್ಗಾ ಮಾರ್ಗಾ ಒಂದು 'ಸ್ಟ್ರೀಮ್'. ಅರ್ಜೆಂಟೀನಾದಲ್ಲಿ ಸಮುದ್ರವೇ ಹತ್ತಿರವಿಲ್ಲದ ಕೊರ್ರಿಯೆಂತೆಸ್ ಪ್ರಾಂತದಲ್ಲಿ 'ಎಸ್ತೆರೊಸ್ ದೆಲ್ ಇಬೆರಾ' ಇದೆ. ಅದು ಸಿಹಿನೀರಿನ ದೊಡ್ಡ ಜೌಗು ಪ್ರದೇಶ, ಇಂಗ್ಲಿಷಿನಲ್ಲಿ 'ಇಬೆರಾ ವೆಟ್‌ಲ್ಯಾಂಡ್ಸ್'. ಈಕ್ವೆಡಾರಿನ ಗುವಾಯಾಕಿಲ್ ನಗರದ 'ಎಸ್ತೆರೊ ಸಲಾದೊ' ಉಪ್ಪುನೀರು ಒಳಬರುವ ಕವಲು. ಸ್ಪ್ಯಾನಿಷರು ಆಳಿದ ಫಿಲಿಪ್ಪೀನ್ಸಿನಲ್ಲೂ ಈ ಪದ ಉಳಿದಿದೆ. ಮನಿಲಾದಲ್ಲಿ ಎಸ್ತೆರೊ ಅಂದರೆ ನಗರದೊಳಗಿನ ಕಾಲುವೆ. ಪದ ಒಂದೇ, ನೀರು ಐದು ಥರ.

ಇದನ್ನೆಲ್ಲ 'ಎಸ್ಚುಅರಿ', ಅಂದರೆ ಅಳಿವೆ, ಅಂತ ಕಣ್ಣುಮುಚ್ಚಿ ಬರೆದರೆ ಏನಾಗುತ್ತದೆ? ಚಿಲಿಯ ಹಳ್ಳಕ್ಕೆ ಸಮುದ್ರದ ನೀರು ನುಗ್ಗಿಸಿದಂತಾಗುತ್ತದೆ. ಪರಿಸರ ವರದಿಯಲ್ಲಿ ಇದು ಸಣ್ಣ ತಪ್ಪಲ್ಲ. ಉಪ್ಪುನೀರಿನ ನಿಯಮಗಳೇ ಬೇರೆ, ಸಿಹಿನೀರಿನವೇ ಬೇರೆ.

'ಕಲೇತಾ' ಕೂಡ ಹೀಗೇ. ನಿಘಂಟಿನ ಪ್ರಕಾರ ಸಣ್ಣ ಕಾಲಾ, ಅಂದರೆ ಪುಟ್ಟ ಕೊಲ್ಲಿ. ಆದರೆ ಚಿಲಿಯಲ್ಲಿ 'ಕಲೇತಾ ದೆ ಪೆಸ್ಕದೋರೆಸ್' ಅಂದರೆ ಸಣ್ಣ ದೋಣಿಯ ಮೀನುಗಾರರು ಮೀನು ಇಳಿಸುವ ಜಾಗ, ಅವರ ಊರು. ಅಲ್ಲಿ 'ಕೋವ್' ಅಂತ ಬರೆದರೆ ಮನುಷ್ಯರೇ ಮಾಯವಾಗುತ್ತಾರೆ. 'ಫಿಶಿಂಗ್ ವಿಲೇಜ್' ಅಥವಾ 'ಫಿಶ್ ಲ್ಯಾಂಡಿಂಗ್ ಸೈಟ್' ಅನ್ನಿ.

'ಲಿತೊರಾಲ್' ಅಂದರೆ ಸಾಮಾನ್ಯವಾಗಿ ಕರಾವಳಿ. ಅರ್ಜೆಂಟೀನಾದಲ್ಲಿ 'ಎಲ್ ಲಿತೊರಾಲ್' ಅಂದರೆ ಪರಾನಾ, ಉರುಗ್ವೇ ನದಿಗಳ ಸುತ್ತಲಿನ ಒಳನಾಡು. ಅದನ್ನು 'ಕೋಸ್ಟ್' ಅಂತ ಬರೆದವರನ್ನು ನಾನು ಬಲ್ಲೆ.

ಹಂತ 4: ನಕ್ಷೆ ತೆರೆಯಿರಿ, ಆಕಾರ ನೋಡಿ

ಜಾಗದ ಹೆಸರು ಹಾಕಿ ಮೇಲಿನಿಂದ ನೋಡಿ. ಬಾಯಿ ಎಷ್ಟು ಅಗಲ? ಒಳಗೆ ಎಷ್ಟು ದೂರ ಹೋಗಿದೆ? ಸುತ್ತ ಬಂಡೆಯೋ ಮರಳೋ?

ಸಮುದ್ರ ನೆಲದೊಳಗೆ ಚಾಚಿಕೊಂಡ ಜಾಗಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಹೀಗೆ ಇಟ್ಟುಕೊಳ್ಳಬಹುದು. 'ಗೋಲ್ಫೊ' ಗಲ್ಫ್. 'ಬಾಈಯಾ' ಬೇ. 'ಎನ್ಸೆನಾದಾ' ಬಾಈಯಾಗಿಂತ ಸಣ್ಣದು, ಇಂಗ್ಲಿಷಿನಲ್ಲಿ ಗಾತ್ರ ನೋಡಿ 'ಬೇ', 'ಇನ್‌ಲೆಟ್' ಅಥವಾ 'ಕೋವ್'. 'ಕಾಲಾ' ಬಂಡೆಗಳ ನಡುವಿನ ಪುಟ್ಟ ಕೊಲ್ಲಿ, ಒಳಗೆ ಹೆಚ್ಚಾಗಿ ಒಂದು ತುಣುಕು ಮರಳು. ಮಯೋರ್ಕಾ, ಮೆನೋರ್ಕಾ ದ್ವೀಪಗಳ ತುಂಬ ಇವೇ. ಇದಕ್ಕೆ 'ಕೋವ್' ಹಿತವಾಗಿ ಹೊಂದುತ್ತದೆ. ಈ ಏಣಿ ಒಂದು ಅಂದಾಜು ಅಷ್ಟೇ. ಊರಿನವರು ಹೆಸರಿಡುವಾಗ ಅಳತೆ ಪಟ್ಟಿ ಹಿಡಿದುಕೊಂಡಿರಲಿಲ್ಲ.

ಈಗ ರಿಯಾಗೆ ಬರೋಣ. 'ರಿಯೊ' ನದಿ, 'ರಿಯಾ' ನದಿಯಲ್ಲ. ನದಿ ಕೊರೆದ ಕಣಿವೆಯೊಳಗೆ ಸಮುದ್ರ ಏರಿ ಬಂದು ಮುಳುಗಿಸಿದರೆ ಆಗುವ ಉದ್ದನೆಯ ಕೊಲ್ಲಿಯೇ ರಿಯಾ. ಸ್ಪೇನಿನ ವಾಯವ್ಯ ಮೂಲೆಯ ಗಲಿಸಿಯಾ ಇದರ ತವರು. ಅರೋಸಾ, ಪೊಂತೆವೆದ್ರಾ, ವಿಗೊ ರಿಯಾಗಳು ಅಲ್ಲಿವೆ. ಜರ್ಮನ್ ಭೂವಿಜ್ಞಾನಿ ಫರ್ಡಿನಾಂಡ್ ಫಾನ್ ರಿಖ್ತೋಫನ್ 1886ರಲ್ಲಿ ಈ ಪದವನ್ನು ವಿಜ್ಞಾನದ ಬರಹಕ್ಕೆ ತಂದರು. ಹಾಗಾಗಿ ಭೂಗೋಳದ ಇಂಗ್ಲಿಷಿನಲ್ಲಿ 'ರಿಯಾ' ಈಗ ಇಂಗ್ಲಿಷ್ ಪದವೇ, ಸ್ಪ್ಯಾನಿಷಿನಂತೆ ಅಕ್ಷರದ ಮೇಲೆ ಒತ್ತುಗುರುತೂ ಬೇಡ.

ರಿಯಾವನ್ನು 'ಫ್ಯೋರ್ಡ್' ಅಂತ ಬರೆಯುವ ಆಸೆ ಬರುತ್ತದೆ, ನೋಡಲು ಹಾಗೇ ಇರುತ್ತದಲ್ಲ. ಬರೆಯಬೇಡಿ. ಫ್ಯೋರ್ಡನ್ನು ಕೊರೆದದ್ದು ಹಿಮನದಿ, ರಿಯಾವನ್ನು ಕೊರೆದದ್ದು ನೀರಿನ ನದಿ. ಪ್ರವಾಸಿ ಪುಸ್ತಕದಲ್ಲಿ 'ರಿಯಾ ದೆ ಅರೋಸಾ' ಅಂತ ಹೆಸರು ಉಳಿಸಿ, ಜೊತೆಗೆ 'ಎ ಲಾಂಗ್ ಸೀ ಇನ್‌ಲೆಟ್' ಅಂತ ಒಮ್ಮೆ ವಿವರಿಸಿದರೆ ಸಾಕು. ಅಲ್ಲಿ ನೀರ ಮೇಲೆ ಸಾಲುಸಾಲಾಗಿ ಮರದ ಚೌಕಟ್ಟುಗಳು ತೇಲುತ್ತಿರುತ್ತವೆ. ಅವು 'ಬತೇಯಾ', ನೀಲಿಕಲ್ಲು ಎಂಬ ಚಿಪ್ಪುಜೀವಿ ಬೆಳೆಸುವ ತೆಪ್ಪಗಳು. ಇಂಗ್ಲಿಷಿನಲ್ಲಿ 'ಮಸಲ್ ರಾಫ್ಟ್'. ನಿಘಂಟು ಮೊದಲು ತೋರಿಸುವ 'ತಟ್ಟೆ' ಎಂಬ ಅರ್ಥ ಇಲ್ಲಿ ಬೇಡ.

ಬಿಲ್ಬಾವೊ ನಗರದ ರಿಯಾ ಮಾತ್ರ ಬೇರೆ ಸಂಗತಿ. ಗುಗೆನ್‌ಹೈಮ್ ಮ್ಯೂಸಿಯಂ ನಿಂತಿರುವುದು ಅದರ ದಡದಲ್ಲೇ. ಅದು ಉಬ್ಬರದ ನೀರು ಏರುವ ನದೀಮುಖ. ಅಲ್ಲಿ 'ಎಸ್ಚುಅರಿ' ಸರಿ.

ಇನ್ನು 'ಕನಾಲ್'. ಸ್ಪ್ಯಾನಿಷಿನಲ್ಲಿ ಒಂದೇ ಪದ, ಇಂಗ್ಲಿಷಿನಲ್ಲಿ ಎರಡು. ಮನುಷ್ಯ ತೋಡಿದ್ದು 'ಕೆನಾಲ್', ಪ್ರಕೃತಿ ಮಾಡಿದ್ದು 'ಚಾನೆಲ್'. 1914ರಲ್ಲಿ ತೆರೆದ ಪನಾಮಾದ್ದು ಕೆನಾಲ್. ಚಿಲಿ, ಅರ್ಜೆಂಟೀನಾ ತುದಿಯ 'ಕನಾಲ್ ಬೀಗಲ್' ಇಂಗ್ಲಿಷಿನಲ್ಲಿ 'ಬೀಗಲ್ ಚಾನೆಲ್'. ಹಾಗೆಯೇ 'ಕನಾಲ್ ದೆ ಲಾ ಮಾಂಚಾ' ಇಂಗ್ಲೆಂಡು, ಫ್ರಾನ್ಸ್ ನಡುವಿನ 'ಇಂಗ್ಲಿಷ್ ಚಾನೆಲ್'. ಫ್ರೆಂಚರು ಅದನ್ನು ತೋಳು, ಅಂದರೆ ಅಂಗಿಯ ತೋಳು ಎಂಬರ್ಥದಲ್ಲಿ 'ಮಾಂಶ್' ಅಂದರು. ಸ್ಪ್ಯಾನಿಷಿಗೆ ಬರುವಾಗ ಅದು 'ಮಾಂಚಾ', ಅಂದರೆ ಕಲೆ, ಆಗಿ ನಿಂತುಬಿಟ್ಟಿತು. ಹಿಂದಿನ ಅನುವಾದಕರ ಒಂದು ಜಾರು ಹೀಗೆ ನಕ್ಷೆಯಲ್ಲೇ ಕೂತುಬಿಟ್ಟಿದೆ. ನಮ್ಮ ಪ್ರತಿಯೊಂದು ಪದಕ್ಕೂ ಅಷ್ಟು ಆಯುಷ್ಯ ಇರಬಹುದು ಅಂತ ನೆನಪಿಟ್ಟುಕೊಂಡರೆ ಒಳ್ಳೆಯದು.

ಚಿಲಿಯ ನಕ್ಷೆಯಲ್ಲಿ 'ಸೇನೊ' ಸಿಗುತ್ತದೆ. ದೇಹದ ಮಟ್ಟಿಗೆ ಅದು ಎದೆ. ಕರಾವಳಿಯಲ್ಲಿ ಅದು 'ಸೌಂಡ್', ಅಂದರೆ ನೆಲದೊಳಗೆ ಆಳವಾಗಿ ಹೋದ ಕಡಲ ಭಾಗ. ಸೇನೊ ಓಟ್ವೇ ಇಂಗ್ಲಿಷಿನಲ್ಲಿ 'ಓಟ್ವೇ ಸೌಂಡ್'.

ಹಂತ 5: ಹೇಗೆ ಆದದ್ದು ಅಂತ ತಿಳಿಯಿರಿ

ಆಕಾರ ಒಂದೇ ಇದ್ದರೂ ಹುಟ್ಟು ಬೇರೆ ಇರಬಹುದು. ಕೆಲವು ಪದಗಳಿಗೆ ಅಕ್ಷರಶಃ ಅರ್ಥ ಮಾಡಿದರೆ ಕೆಲಸವೇ ಕೆಟ್ಟಿತು.

'ಫ್ಲೇಚಾ' ಅಂದರೆ ಬಾಣ. 'ಫ್ಲೇಚಾ ಲಿತೊರಾಲ್' ಅಂದರೆ ಕಡಲ ಪ್ರವಾಹ ಮರಳು ತಂದು ತಂದು ದಡದಿಂದ ಬಾಣದಂತೆ ಚಾಚಿಸಿದ ಮರಳಿನ ನಾಲಗೆ. ನಮ್ಮಲ್ಲಿ ನದಿ ಕಡಲು ಸೇರುವ ಕಡೆ ಇಂಥದ್ದನ್ನು ನೋಡಿರುತ್ತೀರಿ. ಇಂಗ್ಲಿಷಿನಲ್ಲಿ ಇದು 'ಸ್ಪಿಟ್'. ಉವೆಲ್ವಾ ಪ್ರಾಂತದ ಎಲ್ ರೊಂಪಿದೊದಲ್ಲಿ 10 ಕಿಲೋಮೀಟರಿಗೂ ಉದ್ದನೆಯದು ಒಂದಿದೆ. ದ್ವೀಪವನ್ನು ದಡಕ್ಕೆ ಸೇರಿಸುವ ಮರಳಿನ ಸೇತುವೆ 'ತೊಂಬೊಲೊ', ಇಂಗ್ಲಿಷಿನಲ್ಲೂ ಅದೇ. ಪೆನ್ಯೀಸ್ಕೊಲಾ ಕೋಟೆಯ ಊರು ನಿಂತಿರುವುದು ಅಂಥದ್ದರ ತುದಿಯಲ್ಲಿ.

'ಆಲ್ಬುಫೆರಾ' ಅರಬ್ಬಿಯಿಂದ ಬಂದ ಪದ, ಮೂಲದಲ್ಲಿ ಪುಟ್ಟ ಕಡಲು. ಮರಳ ದಿಬ್ಬ ಕಡಲಿನಿಂದ ಬೇರೆ ಮಾಡಿದ ನೀರು ಅದು. ಇಂಗ್ಲಿಷಿನಲ್ಲಿ 'ಕೋಸ್ಟಲ್ ಲಗೂನ್'. ಸುಮ್ನೆ 'ಲೇಕ್' ಅನ್ನಬೇಡಿ. ಮೂರ್ಸಿಯಾದ 'ಮಾರ್ ಮೆನೋರ್' ಹೆಸರಲ್ಲಿ ಕಡಲು ಇದ್ದರೂ ಅದೊಂದು ಲಗೂನ್. ಮೆಡಿಟರೇನಿಯನ್ನಿನಿಂದ ಅದನ್ನು ಬೇರೆ ಮಾಡುವುದು 20 ಕಿಲೋಮೀಟರಿಗೂ ಉದ್ದದ ಮರಳ ಪಟ್ಟಿ, ಅದರ ಹೆಸರು 'ಲಾ ಮಾಂಗಾ', ಅಂದರೆ ಅಂಗಿಯ ತೋಳು. 2022ರಲ್ಲಿ ಸ್ಪೇನ್ ಒಂದು ಕಾಯ್ದೆ ಮಾಡಿ ಮಾರ್ ಮೆನೋರಿಗೆ ವ್ಯಕ್ತಿಯಂತೆ ಕಾನೂನು ಹಕ್ಕು ಕೊಟ್ಟಿತು. ಅಂದಿನಿಂದ ಅದರ ಬಗ್ಗೆ ಇಂಗ್ಲಿಷಿಗೆ ಬರುವ ಬರಹ ಹೆಚ್ಚಿದೆ, ಆದ್ದರಿಂದ ಈ ಪದ ಸರಿಯಾಗಿ ಬರಲೇಬೇಕು.

'ಮರಿಸ್ಮಾ' ಉಬ್ಬರದ ನೀರಿನಿಂದ ನೆನೆಯುವ ಜೌಗು, 'ಸಾಲ್ಟ್ ಮಾರ್ಷ್'. ಆದರೆ ದಕ್ಷಿಣ ಸ್ಪೇನಿನ ದೊನ್ಯಾನಾದ ಮರಿಸ್ಮಾದ ಬಹುಪಾಲಿಗೆ ಈಗ ಮಳೆ ಮತ್ತು ಹೊಳೆಗಳ ನೀರೇ ಆಧಾರ. ಅಲ್ಲಿ ಬರೀ 'ಮಾರ್ಷ್' ಸುರಕ್ಷಿತ.

ಬಂಡೆಯ ಕರಾವಳಿಗೆ ಬಂದರೆ, 'ಅಕಾಂತಿಲಾದೊ' ಕಡಿದಾದ ದಡ, 'ಕ್ಲಿಫ್'. 'ಫರಾಯೋನ್' ಕಡಲಿನಲ್ಲಿ ಒಂಟಿಯಾಗಿ ಎದ್ದು ನಿಂತ ಬಂಡೆ, 'ಸೀ ಸ್ಟ್ಯಾಕ್'. ಸ್ಯಾನ್ ಫ್ರಾನ್ಸಿಸ್ಕೋ ಆಚೆಯ ಫ್ಯಾರಲಾನ್ ದ್ವೀಪಗಳಿಗೆ ಹೆಸರು ಬಂದದ್ದು ಇದರಿಂದ. ಅಸ್ತೂರಿಯಾಸಿನ ಕರಾವಳಿಯಲ್ಲಿ 'ಬುಫೋನ್' ಸಿಗುತ್ತದೆ. ಸಾಮಾನ್ಯ ಅರ್ಥ ವಿದೂಷಕ. ಇಲ್ಲಿ ಅಲೆ ಕೆಳಗಿನ ಗುಹೆಗೆ ನುಗ್ಗಿ, ಬಂಡೆಯ ತೂತಿನಿಂದ ನೀರು ಚಿಮ್ಮುವ ಜಾಗ. ಇಂಗ್ಲಿಷಿನಲ್ಲಿ 'ಬ್ಲೋಹೋಲ್'. ಯಂತ್ರಾನುವಾದ ಇದನ್ನು ವಿದೂಷಕ ಅಂತ ಮಾಡಿಬಿಡಬಹುದು. ಯಂತ್ರದ ಕರಡು ತಿದ್ದುವ ಕೆಲಸ ಸಿಕ್ಕಿದ್ದರೆ ಇದನ್ನು ಹುಡುಕಿ ನೋಡಿ.

ಎಚ್ಚರ, ಇದು ದೊಡ್ಡದು: 'ಪ್ಲಾಯಾ' ಸ್ಪ್ಯಾನಿಷಿನಲ್ಲಿ ಕಡಲ ತೀರ, 'ಬೀಚ್'. ಆದರೆ ಇಂಗ್ಲಿಷ್ ಭೂವಿಜ್ಞಾನ ಇದೇ ಪದವನ್ನು ಎರವಲು ಪಡೆದು ಮರುಭೂಮಿಯ ಒಣಗಿದ ಕೆರೆಯ ತಳಕ್ಕೆ ಇಟ್ಟಿದೆ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿರುವ ರೇಸ್‌ಟ್ರ್ಯಾಕ್ ಪ್ಲಾಯಾ ಅಂಥದ್ದು. ನಿಮ್ಮ ಇಂಗ್ಲಿಷ್ ವರದಿಯಲ್ಲಿ ಪ್ಲಾಯಾ ಅಂತ ರೂಢನಾಮವಾಗಿ ಬಿಟ್ಟರೆ ಭೂವಿಜ್ಞಾನಿ ಮರುಭೂಮಿಯನ್ನು ಕಾಣುತ್ತಾನೆ.

ಹಂತ 6: ಉಬ್ಬರ ಇಳಿತದ ಪದಗಳು

'ಪ್ಲೇಯಾಮಾರ್' ಉಬ್ಬರ ತುಂಬಿದ ಹೊತ್ತು, 'ಹೈ ವಾಟರ್'. 'ಬಾಹಾಮಾರ್' ಪೂರ್ತಿ ಇಳಿದ ಹೊತ್ತು, 'ಲೋ ವಾಟರ್'. 'ಮರೇಯಾ ಬೀವಾ' ಅಂದರೆ ಜೀವಂತ ಉಬ್ಬರ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸು ಬರುವ ದೊಡ್ಡ ಉಬ್ಬರ. ಇಂಗ್ಲಿಷಿನಲ್ಲಿ 'ಸ್ಪ್ರಿಂಗ್ ಟೈಡ್'. ವಸಂತ ಋತುವಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಸ್ಪ್ರಿಂಗ್ ಅಂದರೆ ಚಿಮ್ಮುವುದು. 'ಮರೇಯಾ ಮುಯೆರ್ತಾ', ಸತ್ತ ಉಬ್ಬರ, ಅಂದರೆ ಏರಿಳಿತ ಕಡಿಮೆ ಇರುವಂಥದ್ದು, 'ನೀಪ್ ಟೈಡ್'.

'ಮರೇಯಾ ನೇಗ್ರಾ' ಮಾತ್ರ ಉಬ್ಬರವೇ ಅಲ್ಲ. ಅದು ತೈಲ ಸೋರಿಕೆ, 'ಆಯಿಲ್ ಸ್ಪಿಲ್'. 2002ರ ನವೆಂಬರಿನಲ್ಲಿ ಪ್ರೆಸ್ಟೀಜ್ ಹಡಗು ಒಡೆದು ಗಲಿಸಿಯಾದ ಕರಾವಳಿ ಕಪ್ಪಾಯಿತು. ಆ ಕುರಿತ ಯಾವ ಸ್ಪ್ಯಾನಿಷ್ ಬರಹ ತೆಗೆದರೂ ಈ ಪದ ಇರುತ್ತದೆ. ಜೊತೆಗೆ 'ಚಪಪೋತೆ' ಬರುತ್ತದೆ, ದಡಕ್ಕೆ ಬಡಿದ ಆ ಅಂಟಾದ ತೈಲದ ಹೆಸರು.

ಹಂತ 7: ಕಾನೂನಿನ ಪಠ್ಯವಾದರೆ ಕೈ ಬಿಗಿ ಹಿಡಿಯಿರಿ

ಸ್ಪೇನಿನ ಕರಾವಳಿ ಕಾಯ್ದೆ 1988ರದ್ದು, 'ಲೇಯ್ ದೆ ಕೋಸ್ತಾಸ್'. 2013ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು. ಇಲ್ಲಿ ಪ್ರತಿ ಪದಕ್ಕೂ ಕಾಯ್ದೆಯೇ ಅರ್ಥ ಕೊಟ್ಟಿದೆ. ನಿಮ್ಮ ಇಷ್ಟದ ಪದಕ್ಕೆ ಜಾಗವಿಲ್ಲ.

'ರಿಬೇರಾ ದೆಲ್ ಮಾರ್' ಬರೀ ಕಡಲ ದಡವಲ್ಲ. ಅತಿ ದೊಡ್ಡ ಬಿರುಗಾಳಿಯಲ್ಲಿ ಅಲೆ ಮುಟ್ಟಿದ ಗೆರೆಯವರೆಗಿನ ಜಾಗ, ಜೊತೆಗೆ ಮರಳ ತೀರ, ದಿಬ್ಬಗಳು ಇದರಲ್ಲಿ ಸೇರುತ್ತವೆ. 'ಸೀಶೋರ್' ಅಂತ ಬಳಸಿ, ಮೊದಲ ಸಲ ಸ್ಪ್ಯಾನಿಷ್ ಪದವನ್ನೂ ಪಕ್ಕದಲ್ಲಿ ಇಡಿ. 'ದೊಮೀನಿಯೊ ಪೂಬ್ಲಿಕೊ ಮರೀತಿಮೊ ತೆರೆಸ್ತ್ರೆ' ಇಂಗ್ಲಿಷಿನಲ್ಲಿ 'ಮ್ಯಾರಿಟೈಮ್ ಟೆರೆಸ್ಟ್ರಿಯಲ್ ಪಬ್ಲಿಕ್ ಡೊಮೇನ್'. ಕಿವಿಗೆ ಒರಟು, ಆದರೆ ಓದುವವರು ಹುಡುಕುವುದು ಇದನ್ನೇ. 'ದೆಸ್ಲಿಂದೆ' ಅಂದರೆ ಸರ್ಕಾರಿ ಜಾಗದ ಗಡಿ ಗುರುತಿಸುವುದು, 'ಡಿಮಾರ್ಕೇಶನ್'.

'ಸೆರ್ವಿದುಂಬ್ರೆ' ನೋಡಿ ಗಾಬರಿಯಾಗಬೇಡಿ. ಹಳೆಯ ಅರ್ಥ ಆಳುತನ. ಕಾನೂನಿನಲ್ಲಿ ಅದು 'ಈಸ್‌ಮೆಂಟ್', ಅಂದರೆ ಜಮೀನು ನಿಮ್ಮದೇ ಆದರೂ ಅದರ ಬಳಕೆಗೆ ಹಾಕಿದ ಕಟ್ಟುಪಾಡು. ಸಾಮಾನ್ಯವಾಗಿ ರಿಬೇರಾದಿಂದ ಒಳಕ್ಕೆ 100 ಮೀಟರ್ ರಕ್ಷಣೆಯ ಪಟ್ಟಿ, 6 ಮೀಟರ್ ನಡೆದಾಡುವ ಪಟ್ಟಿ.

ಎಚ್ಚರ: ನಮ್ಮ ಕರಾವಳಿಯ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ, ನಿಯಮಗಳ ಪರಿಚಯ ಇರುವವರು ಅದರ ಪದಗಳನ್ನು ಇಲ್ಲಿಗೆ ತರುತ್ತಾರೆ. ಎರಡೂ ಬೇರೆ ಬೇರೆ ವ್ಯವಸ್ಥೆ. ಮನೆ ಕೊಳ್ಳುವವರು ನೀವು ಅನುವಾದಿಸಿದ ಪತ್ರ ನಂಬಿ ಹಣ ಹಾಕುತ್ತಾರೆ, ನೆನಪಿರಲಿ.

ಹಂತ 8: ಮನುಷ್ಯ ಕಟ್ಟಿದ್ದು

'ದೀಕೆ' ಸ್ಪೇನಿನ ಬಂದರಿನಲ್ಲಿ ಅಲೆ ತಡೆಯುವ ಗೋಡೆ, 'ಬ್ರೇಕ್‌ವಾಟರ್'. 'ದೀಕೆ ಸೇಕೊ' ಹಡಗು ರಿಪೇರಿಯ ಒಣ ಕಟ್ಟೆ, 'ಡ್ರೈ ಡಾಕ್'. ಬ್ಯೂನೋಸ್ ಐರಿಸಿನ ಪುಯೆರ್ತೊ ಮದೇರೊದಲ್ಲಿ ದೀಕೆ ಅಂದರೆ 'ಡಾಕ್'. ಅರ್ಜೆಂಟೀನಾದ ಬೆಟ್ಟಗಳಲ್ಲಿ ಅದೇ ದೀಕೆ ಅಣೆಕಟ್ಟು. ಮೂರನೇ ಹಂತ ಮತ್ತೆ ನೆನಪಿಸಿಕೊಳ್ಳಿ.

'ಎಸ್ಪಿಗೋನ್' ದಡದಿಂದ ಕಡಲಿಗೆ ಅಡ್ಡಲಾಗಿ ಚಾಚಿ ಮರಳು ಹಿಡಿದಿಡುವ ಕಲ್ಲುಗೋಡೆ. ಇಂಗ್ಲಿಷಿನಲ್ಲಿ 'ಗ್ರಾಯ್ನ್'. ಬ್ರಿಟಿಷ್, ಅಮೆರಿಕನ್ ಕಾಗುಣಿತ ಬೇರೆ. ಇದನ್ನು 'ಜೆಟ್ಟಿ' ಅಂದರೆ ಗೊಂದಲ ಶುರು. ಅಮೆರಿಕನ್ ಎಂಜಿನಿಯರಿಗೆ ಜೆಟ್ಟಿ ಅಂದರೆ ಅಳಿವೆ ಬಾಗಿಲಿನ ಎರಡು ಬದಿಯ ಗೋಡೆ. ಬ್ರಿಟಿಷರಿಗೂ ನಮಗೂ ಅದು ದೋಣಿ ನಿಲ್ಲುವ ಕಟ್ಟೆ, ಮಂಗಳೂರಿನವರು ದಕ್ಕೆ ಅನ್ನುವುದು. ದಕ್ಕೆಗೆ ಸ್ಪ್ಯಾನಿಷಿನಲ್ಲಿ 'ಮ್ವೆಯೆ', ಇಂಗ್ಲಿಷಿನಲ್ಲಿ ದಡದ ಉದ್ದಕ್ಕಿದ್ದರೆ 'ಕೀ' (quay) ಅಥವಾ 'ವಾರ್ಫ್', ನೀರಿಗೆ ಚಾಚಿದ್ದರೆ 'ಪಿಯರ್'. 'ಎಸ್ಕೊಯೇರಾ' ಅಂದರೆ ದೊಡ್ಡ ಕಲ್ಲುಗಳ ರಾಶಿ. ನಮ್ಮಲ್ಲಿ ಕಡಲ್ಕೊರೆತಕ್ಕೆ ಸುರಿಯುವಂಥದ್ದು, 'ರಿಪ್‌ರಾಪ್'.

ಹಂತ 9: ಹೆಸರು ನಿಜವಾಗಿ ಸ್ಪ್ಯಾನಿಷ್ಷೇ ಅಂತ ನೋಡಿ

ಸ್ಪೇನಿನ ಕರಾವಳಿಯ ಬಹುಭಾಗದಲ್ಲಿ ಇನ್ನೊಂದು ಭಾಷೆಯೂ ಇದೆ. ಗಲಿಷಿಯನ್ನಿನಲ್ಲಿ ತೀರ 'ಪ್ರಾಯಾ', ದ್ವೀಪ 'ಇಯಾ'. ಕತಲಾನಿನಲ್ಲಿ ಭೂಶಿರ 'ಕಾಪ್', ತೀರ 'ಪ್ಲಾಜಾ'. ಬಾಸ್ಕಿನಲ್ಲಿ ರಿಯಾಗೆ 'ಇತ್ಸಸಾದರ್', ಅಂದರೆ ಕಡಲ ಕೊಂಬೆ. ಎಷ್ಟು ಚೆಂದದ ಪದ!

ಊರಿನ ಅಧಿಕೃತ ಹೆಸರು ಆ ಭಾಷೆಯಲ್ಲಿದ್ದರೆ ಅದನ್ನೇ ಬರೆಯಿರಿ. 'ಲಾ ಕೊರುನ್ಯಾ' ಈಗ ಅಧಿಕೃತವಾಗಿ 'ಆ ಕೊರುನ್ಯಾ'. ಮೇಲೆ ಸ್ಪ್ಯಾನಿಷ್ ರೂಪದಲ್ಲಿ ಹೇಳಿದ ಅರೋಸಾ ಗಲಿಷಿಯನ್ನಿನಲ್ಲಿ 'ಅರೌಸಾ', ನಕ್ಷೆಯಲ್ಲಿ ಸಿಗುವುದೂ ಹಾಗೆಯೇ. ಒಂದು ಪಠ್ಯದಲ್ಲಿ ಎರಡೂ ರೂಪ ಬೆರೆಸಬೇಡಿ. ಅಕ್ಷರದ ಮೇಲಿನ ಗೆರೆ, ಒತ್ತುಗುರುತುಗಳನ್ನು ಉಳಿಸಿ. ಕೇಪ್ ಕೆನಾವರಲ್‌ನಂತೆ ಇಂಗ್ಲಿಷಿನಲ್ಲಿ ಗೆರೆ ಬಿಟ್ಟೇ ನೆಲೆಯೂರಿದವು ಮಾತ್ರ ಬೇರೆ.

ಹಂತ 10: ಒಂದು ವಾಕ್ಯ ಹಿಡಿದು ಪರೀಕ್ಷಿಸಿ

"ಎಲ್ ಎಸ್ತೆರೊ ದೆಸೆಂಬೊಕಾ ಎನ್ ಉನಾ ಎನ್ಸೆನಾದಾ, ಹುಂತೊ ಆ ಲಾ ಕಲೇತಾ." ಎಸ್ತೆರೊ ಒಂದು ಎನ್ಸೆನಾದಾಕ್ಕೆ ಸೇರುತ್ತದೆ, ಕಲೇತಾದ ಪಕ್ಕದಲ್ಲಿ.

ಇದು ಚಿಲಿಯ ಮೀನುಗಾರಿಕೆ ವರದಿಯಾದರೆ: "ದ ಸ್ಟ್ರೀಮ್ ಫ್ಲೋಸ್ ಇಂಟು ಎ ಸ್ಮಾಲ್ ಬೇ ನೆಕ್ಸ್ಟ್ ಟು ದ ಫಿಶಿಂಗ್ ವಿಲೇಜ್." ಕಾದಿಸ್ ಕಡೆಯದಾದರೆ: "ದ ಟೈಡಲ್ ಕ್ರೀಕ್ ಓಪನ್ಸ್ ಇಂಟು ಆ್ಯನ್ ಇನ್‌ಲೆಟ್ ಬೈ ದ ಸ್ಮಾಲ್ ಕೋವ್." ಸ್ಪ್ಯಾನಿಷ್ ಒಂದಕ್ಷರವೂ ಬದಲಾಗಿಲ್ಲ. ಒಂದರಲ್ಲಿ ಸಿಹಿನೀರಿನ ಹಳ್ಳ ಮತ್ತು ಜನ, ಇನ್ನೊಂದರಲ್ಲಿ ಉಪ್ಪುನೀರು ಮತ್ತು ಬಂಡೆ.

ಹೀಗೆ ತೀರ್ಮಾನಿಸಿದ ಪ್ರತಿ ಪದವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ನಾಲ್ಕು ಅಂಕಣ ಸಾಕು: ಸ್ಪ್ಯಾನಿಷ್ ಪದ, ದೇಶ ಮತ್ತು ಜಾಗ, ಆಯ್ದ ಇಂಗ್ಲಿಷ್, ಯಾಕೆ ಆಯ್ದಿರಿ. ಎರಡನೇ ಅಂಕಣ ಖಾಲಿ ಬಿಡಬೇಡಿ. ಕೆಲಸ ಒಪ್ಪಿಸುವಾಗ ಈ ಹಾಳೆಯನ್ನೂ ಜೊತೆಗೆ ಕಳಿಸಿ. ನಿಮ್ಮ ಅನುವಾದ ತಿದ್ದುವವರು ಆ ಕರಾವಳಿಯನ್ನು ನೋಡಿರಲಿಕ್ಕಿಲ್ಲ, 'ಸ್ಟ್ರೀಮ್' ಕಂಡು 'ಎಸ್ಚುಅರಿ' ಅಂತ ತಿದ್ದಲು ಪೆನ್ನು ಎತ್ತಿದಾಗ ಅವರ ಕಣ್ಣಿಗೆ ನಾಲ್ಕನೇ ಅಂಕಣ ಬೀಳಬೇಕು.